ದುಂಡ ಕೆರೆದ ಗೋಡೆ

ಒಂದು ಕಾಡಿನ ನೇರಳೆ ಮರದ ತೊಗಟೆಯೊಳಗೆ ಒಂದು ಊರೇ ಇತ್ತು. ಕಂಡೂ ಕಾಣದಂಥ ಪುಟ್ಟ ಪತಂಗವೊಂದು ಅಲ್ಲಿ ಮೊಟ್ಟೆಯಿಟ್ಟು ಹಾರಿಹೋಗಿತ್ತು. ಹುಟ್ಟಿದ ಮರಿಹುಳುಗಳು ತೊಗಟೆ ತಿನ್ನುತ್ತಾ, ಸುರಂಗ ಕೊರೆಯುತ್ತಾ ಮುಂದೆ ಸಾಗುತ್ತಿದ್ದವು. ರೆಕ್ಕೆ ಬರುವವರೆಗೆ ಅವಕ್ಕೆ ಅದೇ ಮನೆ, ಅದೇ ಊಟ.

ಅವುಗಳಲ್ಲಿ ಚಿಂಗಿ ಎಂಬವಳಿಗೆ ಒಂದು ಗಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಮೈಯೆಲ್ಲ ಚಡಪಡಿಕೆ. ಹೊರಗೆ ಮರಕುಟಿಗ ಟಕಟಕ ಎಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಬಿದ್ದಿರಬೇಕು ಎಂಬುದು ಊರಿನ ಕಟ್ಟಳೆ. ಸದ್ದಾದ ಕಡೆಗೇ ಅವನ ಕೊಕ್ಕು ಇಳಿಯುತ್ತಿತ್ತು. ಚಿಂಗಿಗೆ ಹಾಗೆ ಬಿದ್ದಿರುವುದೇ ದೊಡ್ಡ ಶಿಕ್ಷೆ.

ಈಚೆಗೆ ಎಲ್ಲರೂ ಉಸಿರು ಬಿಗಿಹಿಡಿದು ಮಲಗಿದ್ದರೂ ನೆರೆಯವರು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಚಿಂಗಿಗೆ ದಿಗಿಲಾಯಿತು. ಪಕ್ಕದ ಸುರಂಗದ ದುಂಡನನ್ನು ಕೇಳಿದಳು. ಎಲ್ಲ ಹಣೆಬರಹ ಕಣಮ್ಮ ಎಂದು ಅವನು ನಿಟ್ಟುಸಿರಿಟ್ಟ. ಹಾಗೆಂದವನು ಸತ್ತವರ ಮನೆಯ ಮೆತ್ತನೆಯ ತೊಗಟೆ ತಿಂದು ದಿನೇ ದಿನೇ ಊದುತ್ತಿದ್ದ.

ಒಂದು ಬೆಳಿಗ್ಗೆ ದುಂಡ ಮರಕುಟಿಗನೊಡನೆ ಪಿಸುಗುಟ್ಟುವುದು ಚಿಂಗಿಯ ಕಿವಿಗೆ ಬಿತ್ತು.

"ನಾಳೆ ಚಿಂಗಿಯ ಗೋಡೆ ಕೆರೆಯುತ್ತೇನೆ. ಅಲ್ಲೇ ಕುಕ್ಕು. ನನ್ನನ್ನು ಮಾತ್ರ ಬಿಟ್ಟುಬಿಡು, ಸ್ವಾಮಿ."

ಚಿಂಗಿಗೆ ಭಯವಾಯಿತು. ಸಿಟ್ಟೂ ಬಂತು. ಅವಳು ದಣಿವು ಮರೆತು ಒಂದೇ ಸಮನೆ ಕೊರೆದು ದೂರ ಸರಿದುಬಿಟ್ಟಳು. ಮರುದಿನ ಟಕಟಕ ಕೇಳಿದಾಗ, ಮೈ ಚಡಪಡಿಸುತ್ತಿದ್ದರೂ, ಎಂದಿಗಿಂತ ಬಿಗಿಯಾಗಿ ಅಲುಗಾಡದೆ ಬಿದ್ದುಕೊಂಡಳು.

ದುಂಡ ತನ್ನ ಸುರಂಗದಲ್ಲಿ ಹೇಗೋ ತೂರಿಕೊಂಡು ಬಂದು ಅವಳ ಗೋಡೆ ಕೆರೆದ. ಎಂದಿನಂತೆ ತಟಕ್ಕನೆ ಹಿಂದೆ ಜಾರಲು ನೋಡಿದ. ಆದರೆ ಆ ಸುರಂಗ ಅವನು ಸಣ್ಣವನಿದ್ದಾಗ ಕೊರೆದದ್ದು. ಊದಿದ ಮೈ ನಡುವೆಯೇ ಸಿಕ್ಕಿಕೊಂಡಿತು. ಚಿಂಗಿಯ ಬರಿದಾದ ಮನೆಯನ್ನು ಕುಕ್ಕಿ ಏನೂ ಸಿಗದ ಮರಕುಟಿಗ ಮತ್ತೆ ಕಿವಿಗೊಟ್ಟ. ದುಂಡ ಒದ್ದಾಡುವ ಸದ್ದು ಕೇಳಿಸಿತು.

"ನಾನು ದುಂಡ, ನಿನ್ನ ಗೆಳೆಯ," ಎಂದು ಅವನು ಒಳಗಿಂದ ಅಂಗಲಾಚಿದ.

"ನೀನೂ ಹುಳುವೇ ಅಲ್ಲವೇನಯ್ಯಾ?" ಎಂದ ಮರಕುಟಿಗ. ಕೊಕ್ಕು ಇಳಿಯಿತು.

ಚಿಂಗಿಗೆ ಖುಷಿಯಾಗಲಿಲ್ಲ. ಹೋದ ನೆರೆಯವರನ್ನು ನೆನೆದು ಅತ್ತಳು. ರೆಕ್ಕೆ ಬಂದ ದಿನ ತೊಗಟೆ ಸೀಳಿ ಹೊರಬಂದವಳು ಯಾವ ಕೊಂಬೆಯ ಮೇಲೂ ಕೂರದೆ ಹಾರುತ್ತಲೇ ಹೋದಳು.

ನೀತಿ: ತನ್ನವರನ್ನು ಶತ್ರುವಿಗೆ ಹಿಡಿದುಕೊಟ್ಟು ತಾನು ಉಳಿಯುತ್ತೇನೆ ಎಂದುಕೊಂಡವನು ಕೊನೆಗೆ ಆ ಶತ್ರುವಿಗೇ ತುತ್ತಾಗುತ್ತಾನೆ.