ಒರೆಸದೆ ಬಿಟ್ಟ ಡಿಸ್ಕು

ಮೆಕ್ಯಾನಿಕ್ ದಾದಾಪೀರ್ ಹಳೆಯ ಕಾರಿನ ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಡಿಸ್ಕು ಹಾಕುತ್ತಿದ್ದ. ತುಕ್ಕು ಹಿಡಿಯದಿರಲೆಂದು ಅವಕ್ಕೆ ಬಳಿದಿದ್ದ ಎಣ್ಣೆಯನ್ನು ಪೆಟ್ರೋಲಿನಲ್ಲಿ ಅದ್ದಿದ ಹರಕು ಬಟ್ಟೆಯಿಂದ ಒರೆಸಬೇಕಿತ್ತು. ಎಡ ಡಿಸ್ಕನ್ನು ಒರೆಸಿದ, ಅದು ಮಂಕಾಯಿತು. ಅಷ್ಟರಲ್ಲಿ ಯಾರೋ ಕರೆದರು. ತಿರುಗಿ ಬಂದವನು ಮರೆತು, ಬಲ ಡಿಸ್ಕನ್ನು ಹಾಗೆಯೇ ಬಿಗಿದ.

“ಸದ್ಯ, ಆ ಹರಕು ಬಟ್ಟೆ ನನ್ನ ಹೊಳಪಿಗೆ ಸೋಕಲಿಲ್ಲ!” ಎಂದು ಬಲ ಡಿಸ್ಕು ಬೀಗಿತು.

ಎಡ ಡಿಸ್ಕಿಗೆ ದಿಗಿಲಾಯಿತು. “ತಮ್ಮಾ, ಅದು ಎಣ್ಣೆಯ ಹೊಳಪು. ಇಳಿಜಾರಿನಲ್ಲಿ ಕೈಕೊಡುತ್ತದೆ.”

“ನಿನಗೆ ಹೊಟ್ಟೆಕಿಚ್ಚು.”

ದಾದಾಪೀರ್ ಬ್ರೇಕ್ ಪರೀಕ್ಷಿಸಲೆಂದು ಕಾರನ್ನು ಗುಡ್ಡದ ರಸ್ತೆಯಲ್ಲಿ ಇಳಿಸಿ, ತಿರುವಿನಲ್ಲಿ ಬ್ರೇಕ್ ಒತ್ತಿದ. ಎಡ ಡಿಸ್ಕು ಕಚ್ಚಿ ನಿಂತಿತು, ಬಲದ್ದು ಜಾರಿತು. ಕಾರು ಎಡಕ್ಕೆ, ಕಣಿವೆಯ ಕಡೆಗೆ ಎಳೆಯಿತು.

“ಹಿಡಿಯೋ!” ಎಂದು ಎಡ ಡಿಸ್ಕು ಚೀರಿತು.

“ಆಗುತ್ತಿಲ್ಲ ಅಣ್ಣಾ!”

ದಾದಾಪೀರ್ ಹ್ಯಾಂಡ್ ಬ್ರೇಕ್ ಜಗ್ಗಿದ. ರಸ್ತೆಯಂಚಿಗೆ ಗೇಣು ದೂರದಲ್ಲಿ ಕಾರು ನಿಂತಿತು.

ಬಲ ಡಿಸ್ಕು ಕೇಳಿತು: “ಎಲ್ಲಿ ಆ ಹರಕು ಬಟ್ಟೆ?”