ಓಬಳೇಶನ ಪ್ರಾಯಶ್ಚಿತ್ತ

“ಗುರುಗಳೇ, ತಿಳಿಯದೆ ಮಾಡಿದ ಕೇಡಿಗೆ ಪ್ರಾಯಶ್ಚಿತ್ತವೇನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಓಬಳೇಶನೆಂಬ ಕಾರ್ಮಿಕನಿದ್ದ. ಮನೆಗಳಿಗೆ ಹೊದಿಸುವ ಶೀಟುಗಳನ್ನು ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ತುಂಬಿದ ಚೀಲಗಳನ್ನು ಬಿಚ್ಚಿ ಸಿಮೆಂಟಿಗೆ ಸುರಿಯಬೇಕು. ಸಂಜೆ ಮನೆಗೆ ಬರುವಾಗ ಮೈಯೆಲ್ಲ ಧೂಳು. ಅವನ ಪುಟ್ಟ ಮಗಳು ನಾಗವೇಣಿ ಬಾಗಿಲಲ್ಲೇ ಕಾದಿದ್ದು ಕೊರಳಿಗೆ ಜೋತುಬೀಳುತ್ತಿದ್ದಳು. ಅವನು ಅದೇ ಅಂಗಿಯಲ್ಲಿ ಅವಳನ್ನು ಎತ್ತಿಕೊಂಡು ಬೀದಿ ಸುತ್ತಿಸುತ್ತಿದ್ದ. ಆ ಧೂಳು ಕೆಟ್ಟದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಗೊತ್ತಿತ್ತು.

ಮಗಳು ದೊಡ್ಡವಳಾದಳು. ಹೊಲಿಗೆ ಕಲಿತಳು. ಲಾರಿ ಓಡಿಸುವವನೊಬ್ಬನನ್ನು ಮದುವೆಯಾಗಿ, ಅಪ್ಪನ ಮನೆಯಲ್ಲೇ ಉಳಿದು, ಹೆಣ್ಣು ಮಗುವಿನ ತಾಯಿಯಾದಳು. ಮೂವತ್ತು ದಾಟಿದ ಸ್ವಲ್ಪ ಕಾಲಕ್ಕೆ ಪಕ್ಕೆಯಲ್ಲಿ ನೋವು ಕಾಣಿಸಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಓಬಳೇಶನೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯೆ, ಶ್ವಾಸಕೋಶದ ಹೊರಪೊರೆಗೆ ಕ್ಯಾನ್ಸರ್ ಆಗಿದೆ, ಎದೆಗೂಡಿನಲ್ಲಿ ನೀರು ತುಂಬಿಕೊಳ್ಳುತ್ತಿದೆ ಎಂದರು. “ಈ ವಯಸ್ಸಿಗೆ ಇದು ಅಪರೂಪ. ಹೆಚ್ಚಾಗಿ ಕಲ್ನಾರಿನ ಧೂಳು ಒಳಹೊಕ್ಕವರಿಗೆ, ಅದೂ ಎಷ್ಟೋ ವರ್ಷಗಳ ಮೇಲೆ ಬರುತ್ತದೆ. ನೀವು ಅಂಥ ಕೆಲಸ ಮಾಡಿದ್ದಿರಾ?”

ನಾಗವೇಣಿ ಇಲ್ಲವೆಂದಳು. ಹಿಂದೆ ನಿಂತಿದ್ದ ಓಬಳೇಶ, “ನಾನು ಮಾಡಿದ್ದೆ” ಎಂದ.

ಅಂದಿನಿಂದ ಅವನು ಮಗಳಿದ್ದ ಕೋಣೆಗೆ ಕಾಲಿಡಲಿಲ್ಲ. ಒಂದು ಹೊತ್ತಿನ ಊಟ ಬಿಟ್ಟ. ಚಾಪೆ ಬಿಟ್ಟು ಬರಿನೆಲದಲ್ಲಿ ಮಲಗಿದ. ಕಡೆಗೊಂದು ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಹೊಸ್ತಿಲಾಚೆ ನಿಂತು, “ಕಾಶಿಗೆ ಹೋಗುತ್ತೇನೆ ತಾಯಿ. ನನ್ನ ಮುಖ ನೋಡಿದಾಗೆಲ್ಲ ನಿನಗೆ ರೋಗದ ನೆನಪಾಗುವುದು ಬೇಡ” ಎಂದ.

ನಾಗವೇಣಿಗೆ ಸಿಟ್ಟು ಬಂತು. “ಉಸಿರೆಳೆದಾಗೆಲ್ಲ ನೆನಪಾಗುತ್ತದೆ ಅಪ್ಪ, ಅದಕ್ಕೆ ನಿನ್ನ ಮುಖವೇ ಬೇಕಾಗಿಲ್ಲ. ಔಷಧಿ ಏರಿಸಿದ ದಿನ ನನಗೆ ಎದ್ದು ನಿಲ್ಲಲಾಗುವುದಿಲ್ಲ. ಇವರು ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ. ಮಗುವಿಗೆ ಜಡೆ ಹೆಣೆದು ಶಾಲೆಗೆ ಬಿಡುವವರು ಯಾರು? ನೀನು ಕಾಶಿಗೆ ಹೋದರೆ ಹಗುರಾಗುವುದು ನಿನಗೆ, ನನಗಲ್ಲ.”

ಓಬಳೇಶ ಒಳಗೆ ಬಂದು ಗಂಟು ಬಿಚ್ಚಿದ.

ಅವನು ಜಡೆ ಹೆಣೆಯುವುದನ್ನು ಕಲಿತ. ಮೊದಮೊದಲು ಅದು ಹಗ್ಗ ಹೊಸೆದಂತೆ ಇರುತ್ತಿತ್ತು. ಮಗು ಕನ್ನಡಿ ನೋಡಿ ಅಳುತ್ತಿತ್ತು, ತಾಯಿ ಮಲಗಿದಲ್ಲೇ ನಗುತ್ತಿದ್ದಳು. ಅವನು ಅಂಬಲಿ ಕಾಯಿಸಿ ಕೊಟ್ಟ. ಬಸ್ಸಿನಲ್ಲಿ ಮಗಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೋಗಿಬಂದ. ಪ್ರಾಯದ ಮೈ ಔಷಧಿಯನ್ನು ತಾಳಿಕೊಂಡಿತು. ವೈದ್ಯೆ ಯಾವ ಭರವಸೆಯನ್ನೂ ಕೊಡಲಿಲ್ಲ. ಆದರೂ ಎದೆಗೂಡಿನಲ್ಲಿ ನೀರು ತುಂಬುವುದು ಕಡಿಮೆಯಾಯಿತು. ನಾಗವೇಣಿ ಬೆಳಗಿನ ಹೊತ್ತು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು.

ಒಂದು ದಿನ ಅವಳು, “ಅಪ್ಪ, ನಿನ್ನ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಈಗಲೂ ಅದೇ ಬಟ್ಟೆಯಲ್ಲಿ ಮನೆಗೆ ಹೋಗುತ್ತಾರಾ?” ಎಂದು ಕೇಳಿದಳು.

ಓಬಳೇಶ ಹೋಗಿ ಕಾರ್ಖಾನೆಯ ಗೇಟಿನಲ್ಲಿ ನಿಂತ. ಕೆಲಸ ಬಿಟ್ಟು ಬಂದವರಿಗೆಲ್ಲ ಮಗಳ ಸಂಗತಿ ಹೇಳಿದ. ಕಾವಲುಗಾರ ಅವನನ್ನು ಆಚೆಗೆ ನೂಕಿದ. ಮಾರನೆಯ ದಿನವೂ ಅವನು ಹೋದ. ಕೇಳಿಸಿಕೊಂಡವರು ಕೆಲವರೇ, ಅವರೂ ಮಕ್ಕಳುಳ್ಳವರು. ಅವರೆಲ್ಲ ಒಟ್ಟಾಗಿ ಹಟ ಹಿಡಿದರು. ಕಾರ್ಖಾನೆಯವರು ಒಳಗೇ ಸ್ನಾನದ ಮನೆ ಕಟ್ಟಿಸಬೇಕಾಯಿತು. ಕೆಲಸದ ಬಟ್ಟೆ ಅಲ್ಲೇ ಉಳಿಯಿತು.

ಓಬಳೇಶನ ಮನೆಯಲ್ಲಿ ಈಗ ಮೂವರೂ ಜಗುಲಿಯ ಮೇಲೆ ಕೂತು ಉಣ್ಣುತ್ತಾರೆ. ಲಾರಿ ಊರಿಗೆ ಬಂದ ದಿನ ನಾಲ್ವರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವನ ಪಾಪ ತೀರಿತೇ?” ಎಂದು ಕೇಳಿದ.

“ಅದನ್ನು ಕೇಳಿಕೊಳ್ಳಲು ಅವನಿಗೆ ಇನ್ನೂ ಬಿಡುವಾಗಿಲ್ಲ” ಎಂದರು ಗುರುಗಳು.