ಮೊಸರಿನ ಗಡಿಗೆಯ ತವರು

ಸ್ವಲ್ಪ ಹತ್ತಿರ ಬನ್ನಿ, ಮೆತ್ತಗೆ ಹೇಳ್ತೀನಿ. ಯಾರ ಮುಂದೆಯೂ ಬಾಯಿ ಬಿಡಬಾರದು, ನನ್ನಾಣೆ. ನಾನು ಉಪ್ಪಿನಕಾಯಿ ಭರಣಿ. ಅಡುಗೆಮನೆ ಗೂಡಿನಲ್ಲಿ ನನ್ನ ಪಕ್ಕಕ್ಕೇ ಮೊಸರಿನ ಗಡಿಗೆ ಕೂತಿದ್ದಾಳೆ. ಅವಳ ಜಂಭ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. "ನನ್ನ ಹೆಪ್ಪು ಈ ಮನೆಯ ಮುತ್ತಜ್ಜಿ ತವರಿಂದ ತಂದದ್ದು, ಒಂದು ದಿನವೂ ತಪ್ಪಿಲ್ಲ" ಅಂತ ಬೆಳಗಾದರೆ ಅದೇ ರಾಗ, ಜೊತೆಗೆ ಬೇರೆಯವರ ಹೆಪ್ಪಿಗೆಲ್ಲ ಬೈಗುಳ.

ಮೊನ್ನೆ ಬೆಕ್ಕು ಮೊಸರನ್ನೆಲ್ಲ ನೆಕ್ಕಿಬಿಟ್ಟಿತು. ಸೊಸೆ ರುದ್ರವ್ವ ಗಡಿಗೆ ತೊಳೆದು, ಉಗುರುಬೆಚ್ಚಗಿನ ಹಾಲು ಹುಯ್ದು, ಎದುರುಮನೆ ಮದೀನಾಬಿಯಿಂದ ಒಂದು ಚಮಚ ಹೆಪ್ಪು ತಂದಳು. ಗಡಿಗೆ ಕಿರುಚಿಕೊಂಡಳು.

"ಬೇರೆಯವರ ಹೆಪ್ಪು ಬಿದ್ದರೆ ನಾನು ನಾನಾಗಿ ಉಳಿಯೋದಿಲ್ಲ. ಅದಕ್ಕಿಂತ ಉರುಳಿ ಒಡೆದುಹೋಗ್ತೀನಿ!"

ಹಾಲಿನ ಸಮೇತ ಅಂಚಿಗೆ ಸರಿದೇಬಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡೇ! ಮೂರು ವರ್ಷದ ಹಿಂದೆ ಮನೆಯವರೆಲ್ಲ ಬೀಗ ಹಾಕಿಕೊಂಡು ಮದುವೆಗೆ ಹೋದಾಗ ನಿನ್ನ ಮುತ್ತಜ್ಜಿಯ ಹೆಪ್ಪು ಬೂಸ್ಟು ಹಿಡಿದಿತ್ತು. ಆವತ್ತು ನೀನು ಮೈಮರೆತು ನಿದ್ದೆ ಹೋಗಿದ್ದಾಗ ಬಂದದ್ದೂ ಮದೀನಾಬಿ ಮನೆಯದೇ!"

ಗಡಿಗೆ ಅಲ್ಲಾಡದೆ ನಿಂತಳು. ಹೆಪ್ಪು ಒಳಗಿಳಿಯಿತು. ಬೆಳಿಗ್ಗೆ ನೋಡಿದರೆ, ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ನನ್ನಿಂದ ಬದುಕಿದೆಯಲ್ಲೇ ಅಂದೆ. ಅವಳು ನನ್ನ ಮುಖಕ್ಕೆ ಹೊಡೆದ ಹಾಗೆ ಅಂದಳು:

"ಮೂರು ವರ್ಷ ನನ್ನ ತವರಿನವರನ್ನೇ ಬೇರೆಯವರು ಅಂತ ಬೈದೆನಲ್ಲ ಭರಣಿ, ಪಕ್ಕದಲ್ಲೇ ಕೂತು ಕೇಳಿಕೊಂಡು ನಗ್ತಿದ್ದೆಯಾ?"